ಶೋಧಕ ಮರಳಿನ ಕಣಗಾತ್ರ: ಕುಡಿಯುವ ನೀರು ಮತ್ತು ಉದ್ಯಮದ ಲೆಕ್ಕ

ಬೆಳಗಿನ ಕಾಫಿಗೆ ಡಿಕಾಕ್ಷನ್ ಇಳಿಸುವ ಪ್ರತಿಯೊಬ್ಬರಿಗೂ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಪುಡಿ ತೀರ ನುಣ್ಣಗಿದ್ದರೆ ಡಿಕಾಕ್ಷನ್ ಹನಿಹನಿಯಾಗಿ ಇಳಿದು, ಕೆಲವೊಮ್ಮೆ ಫಿಲ್ಟರಿನಲ್ಲಿಯೇ ನಿಂತುಬಿಡುತ್ತದೆ. ಪುಡಿ ತೀರ ತರಿಯಾಗಿದ್ದರೆ ನೀರು ಸರ್ರನೆ ಇಳಿದುಹೋಗಿ, ಸತ್ವವಿಲ್ಲದ ಕಂದು ನೀರು ಮಾತ್ರ ಕೆಳಗೆ ಸೇರುತ್ತದೆ. ಪುಡಿ, ಪಾತ್ರೆ, ನೀರು ಯಾವುದೂ ಬದಲಾಗದಿದ್ದರೂ ಕಣದ ಗಾತ್ರವೊಂದು ಬದಲಾದರೆ ಫಲಿತಾಂಶವೇ ಬದಲಾಗುತ್ತದೆ. ಕುಡಿಯುವ ನೀರನ್ನು ಶುದ್ಧೀಕರಿಸುವ ಮರಳಿನ ಶೋಧಕಗಳ ಮೂಲತತ್ವವೂ ಇದೇ ಆಗಿದೆ.

ನೀರಿನ ಶುದ್ಧೀಕರಣವು ಎಂಜಿನಿಯರುಗಳಿಗೆ ಸೇರಿದ ವಿಷಯ, ಲೆಕ್ಕಪರಿಶೋಧಕನಿಗೆ ಇಲ್ಲೇನು ಕೆಲಸ ಎಂದು ಸದಸ್ಯ ಬಾಂಧವರು ಕೇಳಬಹುದು. ಪಾನೀಯ, ಆಹಾರ ಪದಾರ್ಥ, ಔಷಧ, ಬಟ್ಟೆಗೆ ಬಣ್ಣ ಹಾಕುವ ಘಟಕ, ಹೋಟೆಲು, ಕಲ್ಯಾಣ ಮಂಟಪ ಹೀಗೆ ನಮ್ಮ ಸದಸ್ಯರ ಅನೇಕ ಉದ್ಯಮಗಳಲ್ಲಿ ಮರಳಿನ ಶೋಧಕವೊಂದು ಮೂಲೆಯಲ್ಲಿ ನಿಂತಿರುತ್ತದೆ. ಶೋಧಕ ಮರಳು, ಜಲ್ಲಿ, ಇಂಗಾಲ ಇವುಗಳನ್ನು ಮಾರುವ ವರ್ತಕರೂ, ಶೋಧಕದ ತೊಟ್ಟಿಗಳನ್ನು ತಯಾರಿಸುವ ಸಣ್ಣ ಕೈಗಾರಿಕೆಗಳೂ ನಮ್ಮ ನಡುವೆ ಇವೆ. ಆದರೂ ಈ ಮಾಲಿನ ಕಣಗಾತ್ರದ ಬಗ್ಗೆ ಕೊಳ್ಳುವವರು ಕೇಳುವುದು ವಿರಳ, ಮಾರುವವರು ಹೇಳುವುದು ಇನ್ನೂ ವಿರಳ. ಇದರ ಮಹತ್ವ ನನಗೆ ಅರಿವಾದದ್ದು ಸಹ ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ಲೆಕ್ಕಪುಸ್ತಕ ಹೇಳಿದ ಕಥೆ

ಕೆಲವು ವರ್ಷಗಳ ಹಿಂದೆ ನಾನು ಲೆಕ್ಕಪರಿಶೋಧನೆ ಮಾಡುತ್ತಿದ್ದ ಒಂದು ಸಣ್ಣ ಪಾನೀಯ ತಯಾರಿಕಾ ಘಟಕದಲ್ಲಿ ಶೋಧಕದ ಮರಳನ್ನು ಬದಲಾಯಿಸಲಾಯಿತು. ಮೊದಲು ದೂರದ ಊರಿನಿಂದ ಚೀಲಗಳಲ್ಲಿ ಬರುತ್ತಿದ್ದ, ದರ್ಜೆ ಮಾಡಿದ ಮರಳಿನ ಬದಲಿಗೆ ಪರಿಚಯದ ಕಟ್ಟಡ ಸಾಮಗ್ರಿ ವರ್ತಕರೊಬ್ಬರಿಂದ ತೊಳೆದ ಮರಳನ್ನು ಕೊಳ್ಳಲಾಗಿತ್ತು. ಬೆಲೆಯಲ್ಲಿ ಗಣನೀಯ ಉಳಿತಾಯವಾಗಿತ್ತು. ಆ ವರ್ಷದ ನನ್ನ ಟಿಪ್ಪಣಿಯಲ್ಲಿ ಖರೀದಿ ವೆಚ್ಚ ತಗ್ಗಿಸಿದ್ದಕ್ಕಾಗಿ ಮಾಲೀಕರನ್ನು ನಾನೇ ಮೆಚ್ಚಿ ಬರೆದಿದ್ದೆ.

ಮುಂದಿನ ವರ್ಷ ‘ದುರಸ್ತಿ ಮತ್ತು ನಿರ್ವಹಣೆ’ ಶೀರ್ಷಿಕೆಯಡಿಯ ಮೊತ್ತ ಕಣ್ಣಿಗೆ ಹೊಡೆಯುವಂತೆ ಏರಿತ್ತು. ಬಿಡಿಸಿ ನೋಡಿದಾಗ ಕಾರ್ಟ್ರಿಜ್ ಫಿಲ್ಟರುಗಳು, ಅವಧಿಗೆ ಮುನ್ನವೇ ಬದಲಾಯಿಸಿದ ಆರ್.ಓ. ಪೊರೆಗಳು, ಟ್ಯಾಂಕರ್ ನೀರು ಇವು ಮೂರೂ ಹೆಚ್ಚಾಗಿದ್ದವು. ವಿದ್ಯುತ್ ಬಿಲ್ಲೂ ಏರಿತ್ತು. ಉತ್ಪಾದನೆ ಮಾತ್ರ ಹಿಂದಿನಷ್ಟೇ ಇತ್ತು. ಮಾಲೀಕರಿಗೂ ಕಾರಣ ತಿಳಿದಿರಲಿಲ್ಲ. ಕಡೆಗೆ ಯಂತ್ರ ನೋಡಿಕೊಳ್ಳುತ್ತಿದ್ದ ಹಿರಿಯ ನೌಕರರನ್ನು ವಿಚಾರಿಸಿದೆ.

“ಸಾರ್, ಹೊಸ ಮರಳು ಹಾಕಿದ ಮೇಲೆ ದಿನಕ್ಕೆ ಒಂದು ಸಲ ತೊಳೀತಿದ್ದದ್ದು ಎರಡು ಸಲ ಆಗಿದೆ. ಆದರೂ ಸಂಜೆ ಹೊತ್ತಿಗೆ ಒತ್ತಡದ ಮುಳ್ಳು ಮೇಲೇರಿ ನಿಲ್ಲುತ್ತೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದರು.

ಮರಳಿನ ಮಾದರಿಯನ್ನು ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಜರಡಿ ಪರೀಕ್ಷೆಗೆ ಒಳಪಡಿಸಿದಾಗ ಸಂಗತಿ ಬಯಲಾಯಿತು. ಮರಳು ಶುಭ್ರವಾಗಿಯೇ ಇತ್ತು. ಆದರೆ ಅದರಲ್ಲಿ ಹಿಟ್ಟಿನಂತಹ ಕಣದಿಂದ ಕಡಲೆಬೇಳೆಯಂತಹ ಕಣದವರೆಗೆ ಎಲ್ಲವೂ ಬೆರೆತಿದ್ದವು. ಮಾರಿದವರು ಮೋಸ ಮಾಡಿರಲಿಲ್ಲ, ಕೊಂಡವರು ಕೇಳಿರಲಿಲ್ಲ, ಲೆಕ್ಕ ನೋಡಿದ ನಾನು ಒಂದೇ ಸಾಲನ್ನು ನೋಡಿ ಸಂತೋಷಪಟ್ಟಿದ್ದೆ. ಅಲ್ಲಿಂದ ಮುಂದೆ ಈ ವಿಷಯವನ್ನು ತಿಳಿದವರಿಂದ ಕೇಳಿ, ಮಾನಕಗಳನ್ನು ಓದಿ, ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ನಿವೇದಿಸಿದ್ದೇನೆ.

1892ರ ಎರಡು ಘಟನೆಗಳು

ನಗರವೊಂದರ ನೀರನ್ನು ಮರಳಿನ ಹಾಸಿನ ಮೂಲಕ ಸೋಸಿ ಕೊಡುವ ಪದ್ಧತಿಗೆ ಎರಡು ಶತಮಾನಗಳ ಇತಿಹಾಸವಿದೆ. ಲಂಡನ್ನಿನ ಚೆಲ್ಸಿ ಜಲ ಕಂಪನಿಗಾಗಿ ಜೇಮ್ಸ್ ಸಿಂಪ್ಸನ್ 1829ರಲ್ಲಿ ನಿರ್ಮಿಸಿದ ನಿಧಾನ ಮರಳು ಶೋಧಕವು ಮುಂದಿನವರಿಗೆ ಮಾದರಿಯಾಯಿತು. ಆದರೆ ಮರಳು ರೋಗವನ್ನೂ ತಡೆಯಬಲ್ಲದೆಂದು ಜಗತ್ತಿಗೆ ಮನವರಿಕೆಯಾದದ್ದು 1892ರಲ್ಲಿ.

ಆ ವರ್ಷ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ ಎಂಟು ಸಾವಿರಕ್ಕೂ ಹೆಚ್ಚು ಜನ ಮೃತಪಟ್ಟರು. ಹ್ಯಾಂಬರ್ಗ್ ಎಲ್ಬ್ ನದಿಯ ನೀರನ್ನು ಸೋಸದೆಯೇ ವಿತರಿಸುತ್ತಿತ್ತು. ಅದಕ್ಕೆ ಅಂಟಿಕೊಂಡಿದ್ದ ಆಲ್ಟೋನ ಪಟ್ಟಣ ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಕೆಳಭಾಗದಿಂದ ನೀರೆತ್ತುತ್ತಿತ್ತು. ಆದರೆ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಆಲ್ಟೋನ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳ ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ರೋಗವಿದ್ದು ಎದುರು ಬದಿಯಲ್ಲಿ ಇಲ್ಲದಿದ್ದುದನ್ನು ವಿಜ್ಞಾನಿ ರಾಬರ್ಟ್ ಕಾಕ್ ಎತ್ತಿ ತೋರಿಸಿದರು.

ಅದೇ ಕಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಆ್ಯಲೆನ್ ಹೇಜನ್ ಎಂಬ ಯುವ ಎಂಜಿನಿಯರು ಬಗೆಬಗೆಯ ಮರಳುಗಳನ್ನು ಜರಡಿ ಹಿಡಿದು, ಪ್ರತಿಯೊಂದರ ಮೂಲಕ ನೀರು ಎಷ್ಟು ವೇಗವಾಗಿ ಇಳಿಯುತ್ತದೆಂದು ಅಳೆಯುತ್ತಿದ್ದರು. ಒಂದು ರಾಶಿ ಮರಳಿನಲ್ಲಿ ನೀರಿನ ಹರಿವನ್ನು ನಿರ್ಧರಿಸುವುದು ಅದರ ಸರಾಸರಿ ಕಣವಲ್ಲ, ಅತಿ ಸಣ್ಣ ಕಣಗಳ ಪಾಲು ಎಂಬುದು ಅವರು ಕಂಡುಕೊಂಡ ಸತ್ಯ. ಸಣ್ಣ ಕಣಗಳು ದೊಡ್ಡ ಕಣಗಳ ನಡುವಿನ ಸಂದುಗಳನ್ನು ತುಂಬಿಬಿಡುವುದೇ ಇದಕ್ಕೆ ಕಾರಣ. ಅವರು ರೂಪಿಸಿದ ಎರಡು ಅಳತೆಗಳು ಇಂದಿಗೂ ಜಗತ್ತಿನಾದ್ಯಂತ ಶೋಧಕ ಮರಳಿನ ವ್ಯಾಪಾರದ ಭಾಷೆಯಾಗಿವೆ.

ತಿಳಿಯಲೇಬೇಕಾದ ಎರಡು ಅಳತೆಗಳು

ಮೊದಲನೆಯದು ಪರಿಣಾಮಕಾರಿ ಗಾತ್ರ. ಮರಳಿನ ಒಟ್ಟು ತೂಕದಲ್ಲಿ ಶೇಕಡ 10 ಭಾಗ ಯಾವ ಗಾತ್ರಕ್ಕಿಂತ ಸಣ್ಣದಾಗಿದೆಯೋ ಆ ಗಾತ್ರವೇ ಪರಿಣಾಮಕಾರಿ ಗಾತ್ರ. ಮರಳಿನ ಪರಿಣಾಮಕಾರಿ ಗಾತ್ರ 0.5 ಮಿ.ಮೀ. ಎಂದರೆ ನೂರು ಕಿಲೋದಲ್ಲಿ ಹತ್ತು ಕಿಲೋ 0.5 ಮಿ.ಮೀ.ಗಿಂತ ಸಣ್ಣದು, ಉಳಿದ ತೊಂಬತ್ತು ಕಿಲೋ ಅದಕ್ಕಿಂತ ದೊಡ್ಡದು.

ಎರಡನೆಯದು ಏಕರೂಪತಾ ಗುಣಾಂಕ. ಶೇಕಡ 60 ಭಾಗ ಯಾವ ಗಾತ್ರಕ್ಕಿಂತ ಸಣ್ಣದಾಗಿದೆಯೋ ಅದನ್ನು ಪರಿಣಾಮಕಾರಿ ಗಾತ್ರದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಎಲ್ಲ ಕಣಗಳೂ ಒಂದೇ ಗಾತ್ರದವಾದರೆ ಗುಣಾಂಕ 1. ಸಂಖ್ಯೆ ಏರಿದಷ್ಟೂ ಬೆರಕೆ ಹೆಚ್ಚು. ಕಿರಾಣಿ ವರ್ತಕರ ಮಾತಿನಲ್ಲಿ ಹೇಳುವುದಾದರೆ, ಚಿರೋಟಿ ರವೆಯೋ ಬನ್ಸಿ ರವೆಯೋ ಎಂಬುದನ್ನು ಮೊದಲ ಅಳತೆ ತಿಳಿಸುತ್ತದೆ. ಒಂದೇ ಚೀಲದಲ್ಲಿ ಎರಡೂ ಬೆರೆತಿವೆಯೇ ಎಂಬುದನ್ನು ಎರಡನೆಯ ಅಳತೆ ತಿಳಿಸುತ್ತದೆ. ನನ್ನ ಕಕ್ಷಿದಾರರ ಮರಳಿನಲ್ಲಿ ಮೊದಲನೆಯದು 0.28 ಮಿ.ಮೀ., ಎರಡನೆಯದು 3.2 ಇತ್ತು. ಅವರ ಶೋಧಕಕ್ಕೆ ಬೇಕಾಗಿದ್ದುದು ಸುಮಾರು 0.5 ಮತ್ತು 1.5.

ಕಣ ಸಣ್ಣದಾದರೆ ಲಾಭವೇನು, ನಷ್ಟವೇನು?

ಮರಳು ನೀರನ್ನು ಜರಡಿಯಂತೆ ಸೋಸುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ಇದು ಅರ್ಧಸತ್ಯ. 0.5 ಮಿ.ಮೀ. ವ್ಯಾಸದ ಮೂರು ಗುಂಡು ಕಣಗಳು ಪರಸ್ಪರ ತಾಗಿ ಕುಳಿತಾಗ ನಡುವೆ ಉಳಿಯುವ ಕಂಡಿ ಸುಮಾರು 0.077 ಮಿ.ಮೀ., ಅಂದರೆ 77 ಮೈಕ್ರಾನ್. ಬ್ಯಾಕ್ಟೀರಿಯದ ಗಾತ್ರ ಸುಮಾರು 1 ಮೈಕ್ರಾನ್. ಕಂಡಿಗಿಂತ ಎಪ್ಪತ್ತು ಪಟ್ಟಿಗೂ ಚಿಕ್ಕದಾದ ಜೀವಿಯನ್ನು ಆ ಕಂಡಿ ತಡೆಯಲಾರದು. ಹಾಗಾದರೆ ತಡೆಯುವುದು ಯಾವುದು?

ಕಣಗಳ ಮೈ. ನೀರು ಸಾವಿರಾರು ತಿರುವುಗಳಲ್ಲಿ ಸುತ್ತಿ ಇಳಿಯುವಾಗ ಅದರಲ್ಲಿರುವ ಕಲ್ಮಷ ಮರಳಿನ ಮೈಗೆ ತಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮೈಯ ವಿಸ್ತೀರ್ಣ ಹೆಚ್ಚಿದಷ್ಟೂ ಶುದ್ಧೀಕರಣ ಹೆಚ್ಚು. 1 ಮಿ.ಮೀ. ವ್ಯಾಸದ ಗುಂಡು ಕಣಗಳಿಂದ ಒಂದು ಘನ ಮೀಟರ್ ಹಾಸು ಮಾಡಿ, ಅದರಲ್ಲಿ ಶೇಕಡ 40 ಭಾಗ ಖಾಲಿ ಸಂದು ಎಂದು ಹಿಡಿದರೆ ಕಣಗಳ ಒಟ್ಟು ಮೈ 3,600 ಚದರ ಮೀಟರ್, ಅಂದರೆ ಸುಮಾರು 36 ಗುಂಟೆ. ಕಣವನ್ನು 0.5 ಮಿ.ಮೀ.ಗೆ ಇಳಿಸಿದರೆ ಇದು 7,200 ಚದರ ಮೀಟರ್, ಸುಮಾರು 1 ಎಕರೆ 31 ಗುಂಟೆ ಆಗುತ್ತದೆ. ಗಾತ್ರ ಅರ್ಧವಾದರೆ ಅಂಟುವ ಜಾಗ ಎರಡರಷ್ಟು. ಇದು ಲಾಭದ ಬದಿ.

ನಷ್ಟದ ಬದಿಯ ಲೆಕ್ಕ ಇದಕ್ಕಿಂತ ಕಠಿಣವಾಗಿದೆ. ನೀರು ಹರಿಯಲು ಎದುರಾಗುವ ಪ್ರತಿರೋಧ ಕಣಗಾತ್ರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಗಾತ್ರ ಅರ್ಧವಾದರೆ ಪ್ರತಿರೋಧ ನಾಲ್ಕು ಪಟ್ಟು, ಕಾಲು ಭಾಗವಾದರೆ ಹದಿನಾರು ಪಟ್ಟು. ಅದೇ ನೀರನ್ನು ಅದೇ ವೇಗದಲ್ಲಿ ಹರಿಸಲು ಹೆಚ್ಚು ಎತ್ತರದ ನೀರು ಬೇಕು ಅಥವಾ ಪಂಪು ಹೆಚ್ಚು ದುಡಿಯಬೇಕು. ಜೊತೆಗೆ ಸಣ್ಣ ಸಂದುಗಳು ಬೇಗ ಕಟ್ಟಿಕೊಳ್ಳುವುದರಿಂದ ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ.

ಹೀಗಾಗಿ ಶೋಧಕದ ವಿನ್ಯಾಸವೆಂದರೆ ಜಮೆ ಮತ್ತು ಖರ್ಚನ್ನು ಸರಿದೂಗಿಸುವ ಕೆಲಸವೇ ಸರಿ. ಕಣ ತೀರ ದೊಡ್ಡದಾದರೆ ತೊಳೆಯುವ ಸಮಯ ಬರುವ ಮೊದಲೇ ಕದಡು ಕೆಳಗೆ ನುಸುಳುತ್ತದೆ. ತೀರ ಸಣ್ಣದಾದರೆ ನೀರು ತಿಳಿಯಾಗಿರುವಾಗಲೇ ಶೋಧಕ ಕಟ್ಟಿಕೊಳ್ಳುತ್ತದೆ. ಎರಡೂ ಸ್ಥಿತಿಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುವಂತಹ ಗಾತ್ರವೇ ಉತ್ತಮ ಗಾತ್ರ. ಕಣವನ್ನು ದೊಡ್ಡದು ಮಾಡಿದರೆ ಹಾಸಿನ ಆಳವನ್ನೂ ಹೆಚ್ಚಿಸಬೇಕು. ಆಳವನ್ನು ಪರಿಣಾಮಕಾರಿ ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆ 1,000ಕ್ಕೆ ಕಡಿಮೆ ಇರಬಾರದೆಂಬುದು ಎಂಜಿನಿಯರುಗಳ ರೂಢಿಯ ಸೂತ್ರ. 0.6 ಮಿ.ಮೀ. ಮರಳಿಗೆ ಕನಿಷ್ಠ 0.6 ಮೀಟರ್ ಆಳ ಎಂದು ನೆನಪಿಟ್ಟುಕೊಳ್ಳಬಹುದು.

ನಿಧಾನ ಮತ್ತು ಶೀಘ್ರ ಶೋಧಕಗಳು

ನಿಧಾನ ಮರಳು ಶೋಧಕದಲ್ಲಿ ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ. ಪರಿಣಾಮಕಾರಿ ಗಾತ್ರದ ನುಣ್ಣನೆಯ ಮರಳನ್ನು ಬಳಸಲಾಗುತ್ತದೆ. ಗಂಟೆಗೆ ಚದರ ಮೀಟರಿಗೆ 100ರಿಂದ 200 ಲೀಟರ್ ಮಾತ್ರ ನೀರು ಇಳಿಯುತ್ತದೆ. ಮೇಲ್ಪದರದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಪದರವೇ ಇಲ್ಲಿ ಮುಖ್ಯ ಕೆಲಸಗಾರ. ಹಿಮ್ಮುಖವಾಗಿ ತೊಳೆಯುವ ಪದ್ಧತಿ ಇಲ್ಲದೆ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆಯುವುದರಿಂದ ಕಣಗಳ ಬೆರಕೆ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ.

ಶೀಘ್ರ ಮರಳು ಶೋಧಕದಲ್ಲಿ 0.45ರಿಂದ 0.70 ಮಿ.ಮೀ. ಪರಿಣಾಮಕಾರಿ ಗಾತ್ರ, 1.3ರಿಂದ 1.7 ಏಕರೂಪತಾ ಗುಣಾಂಕದ ಮರಳು ಬೇಕು. ನಿಮಿಷಕ್ಕೆ ಚದರ ಮೀಟರಿಗೆ 80ರಿಂದ 100 ಲೀಟರ್ ನೀರು ಇಳಿಯುತ್ತದೆ. ದಿನಕ್ಕೆ ಹತ್ತು ಲಕ್ಷ ಲೀಟರ್ ನೀರು ಸೋಸಲು ನಿಧಾನ ಶೋಧಕಕ್ಕೆ 400 ಚದರ ಮೀಟರಿಗೂ ಹೆಚ್ಚು ಜಾಗ ಬೇಕಾದರೆ, ಶೀಘ್ರ ಶೋಧಕಕ್ಕೆ ಎಂಟೊಂಬತ್ತು ಚದರ ಮೀಟರ್ ಸಾಕು. ಜಾಗದ ಬೆಲೆ ಏರಿದ ನಗರಗಳಲ್ಲಿ ಶೀಘ್ರ ಶೋಧಕ ಗೆದ್ದದ್ದು ಇದರಿಂದಲೇ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಇಂದಿಗೂ ಉಳಿದಿರುವ ‘ಜ್ಯುವೆಲ್ ಫಿಲ್ಟರ್’ ಎಂಬ ಹೆಸರು ಆ ಪರಿವರ್ತನೆಯ ಕಾಲದ ನೆನಪು.

ಆದರೆ ಈ ವೇಗಕ್ಕೆ ಒಂದು ಷರತ್ತಿದೆ. ನೀರಿಗೆ ಮೊದಲು ಪಟಿಕ ಅಥವಾ ಅಂತಹ ರಾಸಾಯನಿಕ ಸೇರಿಸಿ, ಕಲ್ಮಷದ ಕಣಗಳು ಒಂದನ್ನೊಂದು ಹಾಗೂ ಮರಳನ್ನು ಅಂಟಿಕೊಳ್ಳುವಂತೆ ಮಾಡಬೇಕು. ಇದನ್ನು ಕಡೆಗಣಿಸಿದರೆ ಎಷ್ಟು ಒಳ್ಳೆಯ ಮರಳಿದ್ದರೂ ಪ್ರಯೋಜನವಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶೋಧಕಗಳಿದ್ದರೂ ಈ ಹಂತದಲ್ಲಿ ಲೋಪವಾಗಿ, ಕ್ರಿಪ್ಟೊಸ್ಪೊರಿಡಿಯಂ ಎಂಬ ನಾಲ್ಕೈದು ಮೈಕ್ರಾನ್ ಗಾತ್ರದ ರೋಗಾಣು ನುಸುಳಿ, ಅಂದಾಜು ನಾಲ್ಕು ಲಕ್ಷ ಜನ ಅಸ್ವಸ್ಥರಾದರು. ಕಣಗಾತ್ರ ಅಗತ್ಯ, ಆದರೆ ಅದೊಂದೇ ಸಾಲದು. ಸೋಸಿದ ನೀರಿಗೆ ಕ್ಲೋರಿನ್ ಮುಂತಾದ ಸೋಂಕು ನಿವಾರಣೆಯೂ ಬೇಕೇ ಬೇಕು. ನಮ್ಮ ಕುಡಿಯುವ ನೀರಿನ ಮಾನಕವಾದ ಐ.ಎಸ್. 10500ರ 2012ರ ಆವೃತ್ತಿಯಂತೆ ನೀರಿನ ಕದಡು 1 ಎನ್.ಟಿ.ಯು. ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದಾಗ ಮಾತ್ರ 5ರವರೆಗೆ ಒಪ್ಪಬಹುದು.

ಬೆರಕೆ ಮರಳು ಏಕೆ ಕೆಡಿಸುತ್ತದೆ?

ಶೀಘ್ರ ಶೋಧಕವನ್ನು ತೊಳೆಯುವುದು ಕೆಳಗಿನಿಂದ ಮೇಲಕ್ಕೆ ರಭಸದಿಂದ ನೀರು ಹಾಯಿಸಿ. ಆಗ ಮರಳು ಕುದಿಯುವ ಅನ್ನದಂತೆ ಮೇಲೆದ್ದು ಕುಣಿದು, ನೀರು ನಿಲ್ಲಿಸಿದಾಗ ಮತ್ತೆ ಕೂರುತ್ತದೆ. ಕೂರುವಾಗ ದಪ್ಪ ಕಣ ಕೆಳಗೆ, ಸಣ್ಣ ಕಣ ಮೇಲೆ ಬರುತ್ತದೆ. ಬೆರಕೆ ಮರಳಿನಲ್ಲಿ ಈ ವಿಂಗಡಣೆ ತೀವ್ರವಾಗಿ, ಹಿಟ್ಟಿನಂತಹ ಕಣಗಳೆಲ್ಲ ಮೇಲ್ಭಾಗದ ಕೆಲವೇ ಸೆಂಟಿಮೀಟರಿನಲ್ಲಿ ಸೇರುತ್ತವೆ. ಕಲ್ಮಷವೆಲ್ಲ ಅಲ್ಲಿಯೇ ತಡೆದು ಚರ್ಮದಂತೆ ಕಟ್ಟಿಕೊಳ್ಳುತ್ತದೆ. ಕೆಳಗಿನ ಮುಕ್ಕಾಲು ಮೀಟರ್ ಮರಳು ಕೆಲಸವಿಲ್ಲದೆ ಬಿದ್ದಿರುತ್ತದೆ. ಬಾಡಿಗೆಗೆ ದೊಡ್ಡ ಗೋದಾಮು ಪಡೆದು ಬಾಗಿಲ ಬಳಿಯಷ್ಟೇ ಸರಕು ತುಂಬಿದಂತೆ!

ಒತ್ತಡ ಏರಿದಾಗ ನಡೆಸುವವರು ಪಂಪನ್ನು ಇನ್ನಷ್ಟು ಜೋರು ಮಾಡುತ್ತಾರೆ. ಕಟ್ಟಿಕೊಂಡ ಪದರ ಅಲ್ಲಲ್ಲಿ ಬಿರಿದು, ನೀರು ಬಿರುಕಿನಲ್ಲಿ ಸೋಸದೆಯೇ ನುಗ್ಗುತ್ತದೆ. ತೊಳೆಯುವಾಗ ರಭಸ ಹೆಚ್ಚಿಸಿದರೆ ಸಣ್ಣ ಮರಳು ಮೋರಿಗೆ ಹರಿದುಹೋಗುತ್ತದೆ. ಕಡಿಮೆ ಮಾಡಿದರೆ ದಪ್ಪ ಮರಳು ಮೇಲೇಳದೆ ಕೆಸರಿನ ಉಂಡೆಗಳು ಉಳಿಯುತ್ತವೆ. ಒಂದಿಷ್ಟು ಹುಡಿ ಕೆಳಗಿನ ಜಾಲರಿಯನ್ನೂ ದಾಟಿ ಮುಂದಿನ ಕಾರ್ಟ್ರಿಜ್‌ಗೆ ಸೇರುತ್ತದೆ. ನನ್ನ ಕಕ್ಷಿದಾರರ ಕಾರ್ಖಾನೆಯಲ್ಲಿ ನಡೆದದ್ದು ಇದೇ.

ಇದಕ್ಕೆ ಪರಿಹಾರವಾಗಿ ಬಂದದ್ದು ಜೋಡಿ ಮಾಧ್ಯಮ. ಮರಳಿನ ಮೇಲೆ ಸುಮಾರು 1 ಮಿ.ಮೀ. ಗಾತ್ರದ ಆಂಥ್ರಸೈಟ್ ಕಲ್ಲಿದ್ದಲಿನ ಪದರ ಹಾಕಲಾಗುತ್ತದೆ. ಮರಳಿಗಿಂತ ಬಹಳ ಹಗುರವಾದ್ದರಿಂದ ಕಣ ದಪ್ಪವಿದ್ದರೂ ತೊಳೆದ ಮೇಲೆ ಅದು ಮೇಲೆಯೇ ಉಳಿಯುತ್ತದೆ. ದಪ್ಪ ಕಲ್ಮಷವನ್ನು ಆಂಥ್ರಸೈಟ್, ಸಣ್ಣದನ್ನು ಮರಳು ಹಿಡಿದು, ಹಾಸಿನ ಪೂರ್ಣ ಆಳ ಕೆಲಸಕ್ಕೆ ಬರುತ್ತದೆ. ಇಲ್ಲಿಯೂ ಎರಡರ ಕಣಗಾತ್ರ ಪರಸ್ಪರ ಹೊಂದಿದರೆ ಮಾತ್ರ ಈ ಅನುಕೂಲ. ಹೊಂದದಿದ್ದರೆ ಎರಡೂ ಕಲಸಿಹೋಗುತ್ತವೆ.

ಒಂದು ಟನ್ನಿಗಿಂತ ಕಡಿಮೆ ಮರಳಿನ ಬೆಲೆ

ಒಂದು ಮೀಟರ್ ವ್ಯಾಸದ ಒತ್ತಡ ಶೋಧಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಅಡ್ಡ ವಿಸ್ತೀರ್ಣ 0.785 ಚದರ ಮೀಟರ್. ಮುಕ್ಕಾಲು ಮೀಟರ್ ಆಳಕ್ಕೆ ಹಿಡಿಯುವ ಮರಳು ಒಂದು ಟನ್ನಿಗೂ ಕಡಿಮೆ. ನಿಮಿಷಕ್ಕೆ ಚದರ ಮೀಟರಿಗೆ 600 ಲೀಟರಿನಂತೆ ಹತ್ತು ನಿಮಿಷ ತೊಳೆದರೆ ಒಂದು ಸಲಕ್ಕೆ ಸುಮಾರು 4,700 ಲೀಟರ್ ನೀರು ಬೇಕು. ಕೆಟ್ಟ ಮರಳಿನಿಂದಾಗಿ ದಿನಕ್ಕೆ ಒಂದು ತೊಳೆತ ಹೆಚ್ಚಾದರೆ, 300 ಕೆಲಸದ ದಿನಗಳಿಗೆ 14,10,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇದು 235 ಟ್ಯಾಂಕರ್. ಒಂದು ಟನ್ ಮರಳಿನಲ್ಲಿ ಉಳಿಸಿದ ಹಣ ಎಷ್ಟೇ ಇರಲಿ, 235 ಟ್ಯಾಂಕರ್ ನೀರಿನ ಬೆಲೆಗೆ ಅದು ಸಮವಾಗಲಾರದು. ವಿದ್ಯುತ್, ಕಾರ್ಟ್ರಿಜ್, ಪೊರೆಗಳ ವೆಚ್ಚ ಇದರ ಮೇಲಿನದು. ಈ ವೆಚ್ಚಗಳು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಹಂಚಿಹೋಗುವುದರಿಂದ ಲೆಕ್ಕಪುಸ್ತಕದಲ್ಲಿ ಒಂದೇ ಕಡೆ ಕಾಣುವುದಿಲ್ಲ. ನಾನು ಮೋಸಹೋದದ್ದು ಇಲ್ಲಿಯೇ.

ಮಾರುವವರ ಲೆಕ್ಕ: ಜರಡಿಯಿಂದ ಉಳಿಯುವುದೆಷ್ಟು?

ಈಗ ಶೋಧಕ ಮರಳನ್ನು ತಯಾರಿಸಿ ಮಾರುವ ಸದಸ್ಯರ ಕಡೆಯಿಂದ ನೋಡೋಣ. ಕಚ್ಚಾ ಮರಳಿನಲ್ಲಿ ಬಳಕೆಗೆ ಬರುವ ಪಾಲೆಷ್ಟು ಎಂಬುದನ್ನು ಜರಡಿ ಪರೀಕ್ಷೆಯ ಎರಡು ಅಂಕಿಗಳಿಂದಲೇ ತಿಳಿಯಬಹುದು.

ಗಿರಾಕಿಗೆ ಬೇಕಾದದ್ದು 0.5 ಮಿ.ಮೀ. ಪರಿಣಾಮಕಾರಿ ಗಾತ್ರ, 1.5 ಗುಣಾಂಕ ಎಂದಿರಲಿ. ಹಾಗಿದ್ದರೆ ಶೇಕಡ 60ರ ಗಾತ್ರ 0.75 ಮಿ.ಮೀ. ಆಗುತ್ತದೆ. ನಿಮ್ಮ ಕಚ್ಚಾ ಮರಳಿನಲ್ಲಿ ಶೇಕಡ 20 ಭಾಗ 0.5ಕ್ಕಿಂತ ಸಣ್ಣದು, ಶೇಕಡ 50 ಭಾಗ 0.75ಕ್ಕಿಂತ ಸಣ್ಣದು ಎಂದಿಟ್ಟುಕೊಳ್ಳಿ. ಸಿದ್ಧ ಮರಳಿನ ಅರ್ಧ ಭಾಗ ಈ ಎರಡು ಗಾತ್ರಗಳ ನಡುವೆ ಇರಬೇಕಾದ್ದರಿಂದ, ಎರಡು ಅಂಕಿಗಳ ವ್ಯತ್ಯಾಸವನ್ನು ಇಮ್ಮಡಿಸಿದರೆ ಬಳಕೆಯ ಪಾಲು ಸಿಗುತ್ತದೆ. 50ರಲ್ಲಿ 20 ಕಳೆದರೆ 30, ಅದರ ಇಮ್ಮಡಿ 60. ನೂರು ಟನ್ನಿಗೆ 60 ಟನ್ ಮಾತ್ರ ಮಾರಾಟಕ್ಕೆ ಯೋಗ್ಯ. ಸಿದ್ಧ ಮರಳಿನ ಹತ್ತರ ಒಂದು ಭಾಗ, ಅಂದರೆ 6 ಟನ್, 0.5ಕ್ಕಿಂತ ಸಣ್ಣದಿರಬಹುದು. ಆದ್ದರಿಂದ ತೆಗೆದುಹಾಕಬೇಕಾದ ಸಣ್ಣ ಕಣ 20ರಲ್ಲಿ 6 ಕಳೆದು 14 ಟನ್. ಉಳಿದ 26 ಟನ್ ತೀರ ದಪ್ಪ.

ಇದಕ್ಕೆ ಬೆಲೆ ಕಟ್ಟೋಣ. ಕೆಳಗಿನ ದರಗಳು ಉದಾಹರಣೆಗಾಗಿ ಮಾತ್ರ. ಕಚ್ಚಾ ಮರಳು ಟನ್ನಿಗೆ 1,000 ರೂ., ತೊಳೆದು ಒಣಗಿಸಿ ಜರಡಿ ಹಿಡಿಯಲು 500 ರೂ. ಆದರೆ ನೂರು ಟನ್ನಿಗೆ ಒಟ್ಟು 1,50,000 ರೂ. ದಪ್ಪ ಮರಳು ಟನ್ನಿಗೆ 1,000 ರೂ.ನಂತೆ ಮಾರಿಹೋಗಿ 26,000 ರೂ. ಬಂದು, ಸಣ್ಣದಕ್ಕೆ ಬೆಲೆ ಬರದಿದ್ದರೆ, ನಿವ್ವಳ ವೆಚ್ಚ 1,24,000 ರೂ. ಇದನ್ನು 60 ಟನ್ನಿಗೆ ಹಂಚಿದರೆ ಟನ್ನಿಗೆ ಸುಮಾರು 2,067 ರೂ. ಆದರೆ ಅನೇಕರು 1,000ಕ್ಕೆ 500 ಕೂಡಿಸಿ 1,500 ರೂ. ಅಸಲು ಎಂದು ತಿಳಿದು, 1,800ಕ್ಕೆ ಮಾರಿ 300 ರೂ. ಲಾಭವಾಯಿತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅರುವತ್ತು ಟನ್ನಿನ ಮೇಲೆ 16,000 ರೂ. ನಷ್ಟ. ನಷ್ಟ ತುಂಬಿಕೊಳ್ಳಲು ಜರಡಿಯನ್ನು ಸಡಿಲಿಸಿದಾಗ ಸಣ್ಣ ಕಣಗಳು ಚೀಲ ಸೇರುತ್ತವೆ. ಬೆರಕೆ ಮಾಲು ಹುಟ್ಟುವುದು ಬಹುತೇಕ ದುರುದ್ದೇಶದಿಂದಲ್ಲ, ತಪ್ಪು ಅಸಲು ಲೆಕ್ಕದಿಂದ.

ಗಿರಾಕಿ 1.5ರ ಬದಲು 1.3 ಗುಣಾಂಕ ಕೇಳಿದರೆ ಶೇಕಡ 60ರ ಗಾತ್ರ 0.65 ಮಿ.ಮೀ.ಗೆ ಇಳಿಯುತ್ತದೆ. ಅದೇ ಕಚ್ಚಾ ಮರಳಿನಲ್ಲಿ ಶೇಕಡ 38 ಭಾಗ ಅದಕ್ಕಿಂತ ಸಣ್ಣದಾಗಿದ್ದರೆ ಬಳಕೆಯ ಪಾಲು 60ರಿಂದ 36 ಟನ್ನಿಗೆ ಕುಸಿಯುತ್ತದೆ. ಆದ್ದರಿಂದ ಬಿಗಿಯಾದ ಗುಣಾಂಕಕ್ಕೆ ಹೆಚ್ಚು ಬೆಲೆ ಕೇಳುವುದು ನ್ಯಾಯವೇ ಆಗಿದೆ, ಕೊಳ್ಳುವವರು ಅದನ್ನು ಒಪ್ಪಬೇಕು. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ.

ಮೆಶ್ ಸಂಖ್ಯೆಯ ಗೊಂದಲ, ಎಂ-ಸ್ಯಾಂಡ್‌ನ ಪ್ರಶ್ನೆ

ಮಾರುಕಟ್ಟೆಯಲ್ಲಿ ಮರಳನ್ನು ‘16/30 ಮೆಶ್’ ಎಂಬಂತೆ ಮಾರುವ ರೂಢಿಯಿದೆ. ಬ್ರಿಟಿಷ್ ಮಾನಕದ ಜರಡಿಯಲ್ಲಿ 16 ಮೆಶ್ ಎಂದರೆ 1.00 ಮಿ.ಮೀ., 30 ಮೆಶ್ ಎಂದರೆ 0.50 ಮಿ.ಮೀ. ಅಮೆರಿಕದ ಮಾನಕದಲ್ಲಿ ಅವೇ ಸಂಖ್ಯೆಗಳು 1.18 ಮತ್ತು 0.60 ಮಿ.ಮೀ. ಆಗುತ್ತವೆ. ಒಂದೇ ಸಂಖ್ಯೆಗೆ ಎರಡು ಅರ್ಥವಿರುವಾಗ ವ್ಯಾಜ್ಯ ತಪ್ಪಿದ್ದಲ್ಲ. ಆರ್ಡರಿನಲ್ಲಿಯೂ ಬಿಲ್ಲಿನಲ್ಲಿಯೂ ಮಿಲಿಮೀಟರ್ ಬರೆಯುವುದೇ ಕ್ಷೇಮ.

ನದಿ ಮರಳಿನ ಅಭಾವದಿಂದ ಎಂ-ಸ್ಯಾಂಡ್ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಶೋಧಕ ಮರಳಿನಲ್ಲಿ ಸಿಲಿಕಾ ಶೇಕಡ 90ಕ್ಕೆ ಕಡಿಮೆ ಇರಬಾರದು, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗುವ ಭಾಗ ಶೇಕಡ 5 ಮೀರಬಾರದು ಎಂಬುದು ನಮ್ಮಲ್ಲಿ ಅನುಸರಿಸುವ ನಿಯಮ. ನಮ್ಮ ಭಾಗದ ಎಂ-ಸ್ಯಾಂಡ್ ಬಹುಪಾಲು ಗ್ರಾನೈಟ್ ಜಾತಿಯ ಕಲ್ಲಿನದು. ಗ್ರಾನೈಟಿನಲ್ಲಿ ಸಿಲಿಕಾ ಸಾಮಾನ್ಯವಾಗಿ ಶೇಕಡ 70ರ ಆಸುಪಾಸಿನಲ್ಲಿರುತ್ತದೆ. ಕಟ್ಟಡಕ್ಕೆ ಒಳ್ಳೆಯದಾದ ಮಾಲು ಶೋಧಕಕ್ಕೂ ಒಳ್ಳೆಯದೆಂದು ಭಾವಿಸಲಾಗದು.

ಇಂಗಾಲದ ಶೋಧಕಕ್ಕೂ ಕಣಗಾತ್ರದ ನಿಯಮವಿದೆ. ನಮ್ಮ ತೆಂಗಿನ ಸೀಮೆಗಳ ಚಿಪ್ಪಿನಿಂದ ತಯಾರಾಗುವ ಸಕ್ರಿಯ ಇಂಗಾಲದ ಕಣ ಸಣ್ಣದಾದಷ್ಟೂ ವಾಸನೆ, ಬಣ್ಣ, ಕ್ಲೋರಿನ್‌ಗಳನ್ನು ಬೇಗ ಹೀರುತ್ತದೆ. ಆದರೆ ಕದಡು ನೀರನ್ನು ನೇರವಾಗಿ ಅದಕ್ಕೆ ಬಿಟ್ಟರೆ ದುಬಾರಿ ಮಾಲು ಮರಳಿನ ಕೆಲಸ ಮಾಡಿ ಬೇಗ ಕೆಡುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಶೋಧಕ ಮರಳಿನ ಆರ್ಡರಿನಲ್ಲಿ ಪರಿಣಾಮಕಾರಿ ಗಾತ್ರ ಮತ್ತು ಏಕರೂಪತಾ ಗುಣಾಂಕ ಎರಡನ್ನೂ ಬರೆಯಿರಿ. ಶೋಧಕ ಮರಳು ಮತ್ತು ಜಲ್ಲಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 8419ರ ಮೊದಲ ಭಾಗವನ್ನು ಉಲ್ಲೇಖಿಸಿರಿ.

2. ಪ್ರತಿ ರವಾನೆಗೂ ಜರಡಿ ಪರೀಕ್ಷೆಯ ವರದಿ ಕೇಳಿರಿ. ಹಲವು ಚೀಲಗಳ ಮೇಲು, ನಡು, ಕೆಳಭಾಗಗಳಿಂದ ತೆಗೆದು ಬೆರೆಸಿದ ಮಾದರಿಯೇ ಸರಿಯಾದ ಮಾದರಿ. ಸಾಗಣೆಯಲ್ಲಿ ಸಣ್ಣ ಕಣ ಕೆಳಗಿಳಿಯುತ್ತದೆ ಎಂಬುದು ನೆನಪಿರಲಿ.

3. ತೊಳೆತದ ಸಮಯ, ಒಳ ಹೋಗುವ ಮತ್ತು ಹೊರ ಬರುವ ಒತ್ತಡ ಇವನ್ನು ದಿನವೂ ಒಂದು ಪುಸ್ತಕದಲ್ಲಿ ಬರೆಸಿರಿ. ಯಂತ್ರ ನೋಡಿಕೊಳ್ಳುವವರನ್ನು ತಿಂಗಳಿಗೊಮ್ಮೆಯಾದರೂ ಮಾತನಾಡಿಸಿರಿ.

4. ಮರಳು, ತೊಳೆಯುವ ನೀರು, ವಿದ್ಯುತ್, ಕಾರ್ಟ್ರಿಜ್, ಪೊರೆ ಈ ಐದರ ವೆಚ್ಚವನ್ನು ‘ನೀರಿನ ವೆಚ್ಚ’ ಎಂಬ ಒಂದೇ ಶೀರ್ಷಿಕೆಯಡಿ ತಂದು, ಸಾವಿರ ಲೀಟರಿಗೆ ಎಷ್ಟು ಎಂದು ವರ್ಷ ವರ್ಷ ಹೋಲಿಸಿರಿ.

5. ಮಾರಾಟಗಾರರು ಕಟ್ಟಡದ ಮರಳು ಮತ್ತು ಶೋಧಕ ಮರಳಿನ ದಾಸ್ತಾನನ್ನು ಪ್ರತ್ಯೇಕವಾಗಿಡಬೇಕು. ಅಸಲನ್ನು ಬಳಕೆಗೆ ಬಂದ ಪಾಲಿನ ಮೇಲೆಯೇ ಲೆಕ್ಕ ಹಾಕಬೇಕು.

ಮುಕ್ತಾಯ

ನಾನು ಹೇಳಿದ ಘಟಕದಲ್ಲಿ ಮರಳನ್ನು ತೆಗೆಸಿ ದರ್ಜೆ ಮಾಡಿದ ಮರಳು ತುಂಬಿಸಲಾಯಿತು. ತೊಳೆತ ಮತ್ತೆ ದಿನಕ್ಕೊಂದಕ್ಕೆ ಇಳಿಯಿತು. ಹಿಂದೆ ಮರಳು ಕೊಟ್ಟಿದ್ದ ವರ್ತಕರನ್ನು ಮಾಲೀಕರು ಬಿಡಲಿಲ್ಲ. ಪರೀಕ್ಷಾ ವರದಿಯನ್ನು ಅವರ ಮುಂದಿಟ್ಟು, ಇಂಥದ್ದು ಬೇಕೆಂದು ಹೇಳಿದರು. ಅವರು ಹೊಸ ಜರಡಿಗಳನ್ನು ತರಿಸಿದರು, ಬೆಲೆಯನ್ನೂ ಏರಿಸಿದರು. ಈ ಸಲ ನನ್ನ ಟಿಪ್ಪಣಿಯಲ್ಲಿ ಮರಳಿನ ವೆಚ್ಚ ಹೆಚ್ಚಿರುವುದನ್ನು ಸಮರ್ಥಿಸಿ ಬರೆದೆ, ಹಿಂದಿನ ಮೆಚ್ಚುಗೆಯನ್ನು ಹಿಂತೆಗೆದುಕೊಂಡೆ.

ಅಲ್ಲಿ ನಷ್ಟವಾದದ್ದು ಹಣ ಮಾತ್ರ, ಮುಂದೆ ಆರ್.ಓ. ಇದ್ದುದರಿಂದ ಕುಡಿದವರಿಗೆ ತೊಂದರೆಯಾಗಲಿಲ್ಲ. ಆದರೆ ಮರಳೇ ಮುಖ್ಯ ತಡೆಯಾಗಿರುವ ಊರ ನೀರಿನ ಶೋಧಕಕ್ಕೆ ಇಂತಹ ಮಾಲು ಹೋಗಿದ್ದರೆ ಅದರ ಬೆಲೆಯನ್ನು ತೆರುತ್ತಿದ್ದವರು ಬಿಲ್ಲನ್ನೇ ನೋಡದ ಮನೆಗಳ ಮಕ್ಕಳು. ಹ್ಯಾಂಬರ್ಗ್ ಮತ್ತು ಆಲ್ಟೋನಗಳ ನಡುವಿನ ಬೀದಿಯನ್ನು ನಾವು ಮರೆಯಬಾರದು. ಶೋಧಕ ಮರಳಿನ ಚೀಲದ ಮೇಲೆ ನಾವು ಬರೆಯುವ ಎರಡು ಅಂಕಿಗಳು ಸತ್ಯವಾಗಿರಲಿ ಎಂಬುದೇ ನನ್ನ ವಿನಂತಿ.